ಹಾಯಿಹಡಗಿನ ಮಾತುಗಳು



ನಮ್ಮ ತರಗತಿಗಳಲ್ಲಿ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುವ ಕ್ರಮ ನಿಮಗೆಲ್ಲ ಗೊತ್ತು. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. ಬಾಯಿಪಾಠ ಮಾಡಿ ಹೊಂದಿಸಿ ಬರೆದರೆ ಅಂಕ. ಹೀಗೆ ಕಲಿತದ್ದು ಪರೀಕ್ಷೆ ಮುಗಿದ ಮೇಲೆ ಉಳಿಯುವುದು ಕಡಿಮೆ; ಉಳಿದರೂ ಮಾತಿಗೆ ಒದಗುವುದಿಲ್ಲ. ನುಡಿಗಟ್ಟು ಹುಟ್ಟಿದ ಕಸುಬನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಅದರ ಅರ್ಥವೂ ಬಳಕೆಯೂ ಒಟ್ಟಿಗೆ ಕೈಗೆ ಬರುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಸಮುದ್ರವನ್ನೇ ನೆಚ್ಚಿ ಬದುಕಿದ ಇಂಗ್ಲಿಷರ ಹಾಯಿಹಡಗನ್ನು ಅದಕ್ಕಾಗಿ ಇಂದು ಆರಿಸಿಕೊಂಡಿದ್ದೇನೆ.

'ಥ್ರೀ ಶೀಟ್ಸ್ ಟು ದ ವಿಂಡ್' ಎಂದರೆ ಮೈಮೇಲೆ ಎಚ್ಚರವಿಲ್ಲದಷ್ಟು ಕುಡಿದಿರುವುದು. ಶೀಟ್ ಎಂದೊಡನೆ ನಮ್ಮ ಕಣ್ಣಿಗೆ ಹಾಯಿಬಟ್ಟೆ ಬರುತ್ತದೆ. ನಾವಿಕರಿಗೆ ಅದು ಹಾಯಿಯ ಕೆಳತುದಿಯನ್ನು ಬಿಗಿಹಿಡಿಯುವ ಹಗ್ಗ. ಹಗ್ಗ ಬಿಚ್ಚಿಕೊಂಡರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ಹಡಗು ಅಂಕೆ ತಪ್ಪಿ ತೂರಾಡುತ್ತದೆ. ಅಮಲಿಗೂ ಹಗ್ಗದ ಲೆಕ್ಕವಿತ್ತು: ಸ್ವಲ್ಪ ಏರಿದ್ದರೆ ಒಂದು, ಪೂರ್ತಿ ಏರಿದ್ದರೆ ಮೂರು. 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್ನನ 'ಟ್ರೆಷರ್ ಐಲೆಂಡ್' ಕಾದಂಬರಿಯಲ್ಲಿ ಕಡಲ್ಗಳ್ಳ ಜಾನ್ ಸಿಲ್ವರ್ ಆಡುವುದು ಒಂದು ಹಗ್ಗದ ಮಾತು.

'ಟೇಕನ್ ಅಬ್ಯಾಕ್' ಎಂಬುದನ್ನು ನಮ್ಮ ಮಕ್ಕಳು 'ಆಶ್ಚರ್ಯಪಡು' ಎಂದು ಬರೆದುಕೊಳ್ಳುತ್ತಾರೆ. ಅಷ್ಟು ಸಾಲದು. ಗಾಳಿ ತಟ್ಟನೆ ದಿಕ್ಕು ಬದಲಿಸಿ ಎದುರಿನಿಂದ ಬಡಿದರೆ ಹಾಯಿ ಹಿಂದಕ್ಕೆ ಒತ್ತಿ ಹಾಯಿಕಂಬಕ್ಕೆ ಅಂಟಿಕೊಳ್ಳುತ್ತದೆ. ಮುಂದೆ ಸಾಗುತ್ತಿದ್ದ ಹಡಗು ನಿಂತುಬಿಡುತ್ತದೆ, ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ. ಇದನ್ನು ಕಂಡವರು ಬಹುಮಾನ ಬಂದ ಸಂತೋಷಕ್ಕೆ ಈ ಮಾತನ್ನು ಸುಲಭವಾಗಿ ಬಳಸಲಾರರು. ನೆಚ್ಚಿದ ಗೆಳೆಯ ತುಂಬಿದ ಸಭೆಯಲ್ಲಿ ತಿರುಗಿಬಿದ್ದಾಗ ಬಾಯಿ ಕಟ್ಟುತ್ತದಲ್ಲ, ಅಲ್ಲಿ ಇದು ಸರಿಯಾಗಿ ಕೂರುತ್ತದೆ.

ಕಟ್ಟಕಡೆ ಎಂಬ ಅರ್ಥದ 'ಬಿಟರ್ ಎಂಡ್' ಸ್ವಲ್ಪ ತೊಡಕಿನದು. ಲಂಗರಿನ ಹಗ್ಗವನ್ನು ಸುತ್ತಿ ಕಟ್ಟುವ ಗಟ್ಟಿ ಗೂಟಗಳಿಗೆ ಬಿಟ್ಸ್ ಎಂದು ಹೆಸರು. ಹಡಗಿನೊಳಗೇ ಉಳಿಯುವ ಆ ಹಗ್ಗದ ತುದಿಯನ್ನು ಕ್ಯಾಪ್ಟನ್ ಜಾನ್ ಸ್ಮಿತ್ 1627ರ 'ಎ ಸೀ ಗ್ರಾಮರ್' ಪುಸ್ತಕದಲ್ಲಿ ವಿವರಿಸಿದ್ದಾನೆ. ಅಲ್ಲಿಯವರೆಗೆ ಬಿಟ್ಟಾಯಿತು ಎಂದರೆ ಇನ್ನು ಬಿಡಲು ಹಗ್ಗವಿಲ್ಲ. ಆದರೆ ಬೈಬಲ್ಲಿನ ಜ್ಞಾನೋಕ್ತಿಗಳಲ್ಲೂ ಕಹಿಯಾದ ಕೊನೆಯ ಪ್ರಸ್ತಾಪವಿದೆ, ಎರಡೂ ಬೆರೆತಿರಬಹುದು. ಮೂಲ ಹುಡುಕುವಾಗ ಇಷ್ಟು ಎಚ್ಚರ ಬೇಕೇಬೇಕು. ಹೊಟ್ಟೆ ತುಂಬುವ ಊಟ ಎಂಬರ್ಥದ 'ಸ್ಕ್ವೇರ್ ಮೀಲ್' ನಾವಿಕರ ಚೌಕ ತಟ್ಟೆಯಿಂದ ಬಂತೆಂಬ ಕಥೆ ಎಷ್ಟು ಚಂದವೋ ಅಷ್ಟೇ ಸುಳ್ಳು. ಅದು 19ನೆಯ ಶತಮಾನದ ಅಮೆರಿಕದ ಮಾತು.

ಅರ್ಥ ತಿಳಿದ ಮೇಲೂ ಯಾರ ಮುಂದೆ ಆಡಬೇಕೆಂಬುದು ಉಳಿಯುತ್ತದೆ. 'ಕಿಕ್ ದ ಬಕೆಟ್' ಎಂದರೆ ಸಾಯುವುದು, ಸರಿ. ಆದರೆ ಅದು ನಮ್ಮ 'ಗೊಟಕ್ ಅಂದ' ಇರುವ ಮಟ್ಟದ್ದು. ಹಿರಿಯರೊಬ್ಬರು ತೀರಿಕೊಂಡಾಗ ಅವರ ಮಗನಿಗೆ ಕನ್ನಡದಲ್ಲಿ ಹಾಗೆ ಬರೆಯಲು ಯಾರ ಕೈಯೂ ಬಾರದು. ಸಂತಾಪ ಸೂಚಿಸುವ ಇಂಗ್ಲಿಷ್ ಪತ್ರದಲ್ಲಿ ಮಾತ್ರ ಹುಡುಗರು ಅದನ್ನು ನಿಶ್ಚಿಂತೆಯಿಂದ ಬರೆದುಬಿಡುತ್ತಾರೆ, ಏಕೆಂದರೆ ಪಟ್ಟಿಯಲ್ಲಿ ಅದರ ಎದುರು 'ಮರಣ ಹೊಂದು' ಎಂದಿತ್ತು.

ವ್ಯಾಕರಣವೂ ಎಲ್ಲ ನುಡಿಗಟ್ಟುಗಳಿಗೆ ಒಂದೇ ಅಲ್ಲ. ನನ್‌ಬರ್ಗ್, ಸ್ಯಾಗ್, ವಾಸೋ ಎಂಬ ಮೂವರು ವಿದ್ವಾಂಸರು 1994ರಲ್ಲಿ 'ಲ್ಯಾಂಗ್ವೇಜ್' ಪತ್ರಿಕೆಯಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಗುಟ್ಟು ಬಿಟ್ಟುಕೊಡುವ 'ಸ್ಪಿಲ್ ದ ಬೀನ್ಸ್' ನುಡಿಯಲ್ಲಿ ಬೀನ್ಸ್ ಎಂದರೆ ಗುಟ್ಟು, ಚೆಲ್ಲುವುದೆಂದರೆ ಹೊರಹಾಕುವುದು. ಒಂದೊಂದು ಭಾಗಕ್ಕೂ ಅರ್ಥ ಹಂಚಿಹೋಗಿದೆ. ಆದ್ದರಿಂದ ಕರ್ಮಣಿಯಲ್ಲಿ 'ದ ಬೀನ್ಸ್ ವರ್ ಸ್ಪಿಲ್ಡ್' ಎಂದರೂ ಗುಟ್ಟು ಹೊರಬಿದ್ದದ್ದೇ. ಸಾವಿನ ಮಾತಿನಲ್ಲಿ ಬಕೆಟ್ಟಿಗೆ ಬೇರೆ ಅರ್ಥವೇ ಇಲ್ಲ. 'ದ ಬಕೆಟ್ ವಾಸ್ ಕಿಕ್ಡ್' ಎಂದರೆ ಯಾರೋ ಬಕೆಟ್ಟನ್ನು ಒದ್ದರು ಎಂದಷ್ಟೇ ಆಗುತ್ತದೆ.

ಅಧ್ಯಾಪಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟೆ. ಪಟ್ಟಿಯನ್ನು ಚಿಕ್ಕದು ಮಾಡಿ. ವಾರಕ್ಕೆ ಎರಡೇ ನುಡಿಗಟ್ಟು ಇರಲಿ. ಪ್ರತಿಯೊಂದಕ್ಕೂ ಅದು ಒಪ್ಪುವ ಒಂದು ಸಂದರ್ಭವನ್ನೂ ಒಪ್ಪದ ಒಂದು ಸಂದರ್ಭವನ್ನೂ ಮಕ್ಕಳಿಂದಲೇ ಬರೆಸಿ, ಏಕೆ ಒಪ್ಪುವುದಿಲ್ಲವೆಂದು ಅವರ ಬಾಯಿಂದಲೇ ಹೇಳಿಸಿ. ಕನ್ನಡದಲ್ಲಿ ಹೇಳಿದರೂ ಆಗಲಿ.