ದೀಪವಿದ್ದೂ ದಾಖಲೆಯಿಲ್ಲದ ಊರು

ಕಂದಾಯ ಲೆಕ್ಕದಲ್ಲಿ 'ಬೇಚಿರಾಕ್ ಗ್ರಾಮ' ಎಂಬ ಮಾತುಂಟು. ದೀಪ ಹಚ್ಚುವವರಿಲ್ಲದ ಊರು ಎಂದು ಅದರ ಅರ್ಥ. ಜನ ಬಿಟ್ಟುಹೋಗಿ ಮನೆಗಳು ಮಣ್ಣಾಗಿದ್ದರೂ ಆ ಊರಿಗೆ ನಕ್ಷೆ ಇದೆ, ಎಲ್ಲೆ ಇದೆ, ಹೆಸರಿದೆ. ಈಗ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ತಾಂಡಾ, ಹಟ್ಟಿಗಳನ್ನು ನೋಡ್ರಿ. ಮನೆಮನೆಯಲ್ಲೂ ಒಲೆ ಉರಿಯುತ್ತದೆ, ಕೊಟ್ಟಿಗೆಯಲ್ಲಿ ದನ ಇವೆ, ಅಂಗಳದಲ್ಲಿ ಮಕ್ಕಳು ಆಡುತ್ತವೆ. ಆದರೆ ಎಷ್ಟೋ ತಾಂಡಾಗಳಿಗೆ ಬಹುಕಾಲ ದಾಖಲೆಯಲ್ಲಿ ಸ್ವಂತ ಹೆಸರೇ ಇರಲಿಲ್ಲ.

ಇದು ಹೇಗಾಯಿತು? 1800ರಲ್ಲಿ ಬಳ್ಳಾರಿ ಸೀಮೆಯನ್ನು ನಿಜಾಮನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ ಕಂದಾಯ ಗೊತ್ತುಮಾಡಿದನು. ಹೊಲ ಉಳುವವನೂ ಅವನ ಊರೂ ಲೆಕ್ಕಕ್ಕೆ ಹತ್ತಿದವು. ಲಂಬಾಣಿಗಳು ಆಗ ಹೊಲ ಹಿಡಿದು ಕೂತವರಲ್ಲ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಸೀಮೆಯಿಂದ ಸೀಮೆಗೆ ಸಾಗಿಸುತ್ತಿದ್ದರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷ್ ದಂಡಿಗೆ ಧಾನ್ಯ ಒದಗಿಸಿದವರಲ್ಲಿ ಬಂಜಾರರೂ ಇದ್ದರು.

ಮುಂದೆ ರಸ್ತೆ, ರೈಲು ಬಂದವು. ಹೇರೆತ್ತಿನ ವ್ಯಾಪಾರ ಬಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅನೇಕ ಅಲೆಮಾರಿ ಜನರಿಗೆ ಕಳ್ಳರೆಂಬ ಹಣೆಪಟ್ಟಿ ಕಟ್ಟಿತು. ಅದು ರದ್ದಾದದ್ದು 1952ರಲ್ಲಿ. ನಾಯಕ, ಡಾವ್, ಕಾರಭಾರಿಗಳನ್ನು ಮುಂದಿಟ್ಟುಕೊಂಡು ಜನ ಗುಡ್ಡದ ಬದಿಗೆ, ಹಳ್ಳದ ದಂಡೆಗೆ ನೆಲೆನಿಂತರು. ದನ, ಕುರಿ ಸಾಕುವ ಗೊಲ್ಲರ ಹಟ್ಟಿಗಳೂ ಊರ ಹೊರಗೇ ಬೆಳೆದವು. ಕಲ್ಲು ಆಯ್ದು, ಮುಳ್ಳು ಕಡಿದು ಬೇಸಾಯ ಹೂಡಿದರು. ದಾಖಲೆಯಲ್ಲಿ ಮಾತ್ರ ಪಕ್ಕದ ಮೂಲ ಗ್ರಾಮದ ಬಾಲವಾಗಿಯೇ ಉಳಿದರು.

"ಹೆಸರಿಲ್ಲದಿದ್ರ ಏನಾತು, ಮನಿ ಐತಲ್ಲ" ಎಂದು ಕೆಲವರು ಅನ್ನಬಹುದು. ಹಾಗನ್ನಬೇಡಿ. ಜಾಗಕ್ಕೆ ಹಕ್ಕುಪತ್ರ ಇಲ್ಲದಿದ್ದರೆ ಮನೆಯ ಮೇಲೆ ಬ್ಯಾಂಕು ಸಾಲ ಕೊಡದು. ನಾಳೆ ಯಾರಾದರೂ "ಈ ನೆಲ ನಿಮ್ಮದಲ್ಲ" ಎಂದರೆ ತೋರಿಸಲು ಕೈಯಲ್ಲಿ ಏನೂ ಇರದು.

ಈಗ ಕಾಯ್ದೆ ಬದಲಾಗಿದೆ. ಸರ್ಕಾರಿ ಜಾಗದ ಮನೆಗೆ ಭೂಕಂದಾಯ ಕಾಯ್ದೆಯ 94-ಡಿ, ಖಾಸಗಿ ಜಮೀನಿನ ಮನೆಗೆ ಭೂಸುಧಾರಣಾ ಕಾಯ್ದೆಯ 38-ಎ ಕಲಂ ಇವೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. 2021ರಲ್ಲಿ ನಮ್ಮ ಈ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಗೆ ಸೇರಿದವಷ್ಟೆ. ಅದರ ಕೇಂದ್ರ ಹೊಸಪೇಟೆಯಲ್ಲೇ 2025ರ ಮೇ 20ರಂದು ರಾಜ್ಯದ 1,11,111 ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಸಮಾವೇಶ ನಡೆಯಿತು.

ಆದ್ದರಿಂದ ನಿಮ್ಮ ತಾಂಡಾ ಕಂದಾಯ ಗ್ರಾಮವಾಗಿದೆಯೋ ಇಲ್ಲವೋ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿರಿ. ಆಗದಿದ್ದರೆ ಹಿರಿಯರೆಲ್ಲ ಕೂಡಿ ತಹಸೀಲ್ದಾರರಿಗೆ ಅರ್ಜಿ ಕೊಡಿರಿ. ಮನೆ ತೆರಿಗೆ ರಸೀದಿ, ಕರೆಂಟಿನ ಬಿಲ್ಲು, ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ ಜೋಪಾನವಾಗಿಡಿ. ಹಕ್ಕುಪತ್ರ ಬಂದರೆ ಅಳತೆ, ಚಕ್ಕುಬಂದಿ, ಹೆಸರು ಸರಿಯಿದೆಯೇ ಎಂದು ಓದಬಲ್ಲ ಮಕ್ಕಳಿಂದ ಓದಿಸಿ ನೋಡಿ.

ಇನ್ನೊಂದು ಕೆಲಸ. ಮೊದಲ ಗುಡಿಸಲು ಹಾಕಿದವರು ಯಾರು, ಬಾವಿ ತೋಡಿದವರು ಯಾರು, ಯಾವ ಬರಗಾಲದಲ್ಲಿ ಎಲ್ಲಿಗೆ ದುಡಿಯಲು ಹೋದಿರಿ, ಇದನ್ನು ಅಜ್ಜ ಅಜ್ಜಿಯರು ಇರುವಾಗಲೇ ಒಂದು ನೋಟು ಪುಸ್ತಕದಲ್ಲಿ ಬರೆಸಿಡಿ. ದೀಪ ಹಚ್ಚಿದವರ ಹೆಸರು ಸರ್ಕಾರದ ಕಾಗದದಲ್ಲೂ ಇರಲಿ, ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇರಲಿ.