ಗೋಡೆ ಕಟ್ಟಿದವರು ಯಾರು, ಹೆಸರು ಯಾರದು?

(ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಟ್ಟಡ ನಿರ್ಮಾಣದಲ್ಲಿ ಒಂದು ಹೊಸ ವಿಧಾನ ಬಂದಾಗ ಅದರ ಕರ್ತೃ ಯಾರೆಂದು ತೀರ್ಮಾನಿಸುವುದು ಹೇಗೆ? ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಇದೊಂದೇ ಪ್ರಶ್ನೆ. ನಾನು ಎಂಜಿನಿಯರ್ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ವರದಿಗಾರಿಕೆಗೆ ಬಂದ ವ್ಯಕ್ತಿ. ಆದರೆ ಈ ಪ್ರಶ್ನೆ ನಮ್ಮ ಕಸುಬಿನಲ್ಲೂ ಇದೆ. ವರದಿಯ ಮೇಲೆ ಒಬ್ಬರ ಹೆಸರು ಅಚ್ಚಾಗುತ್ತದೆ. ಸುಳಿವು ಕೊಟ್ಟವರು, ತಪ್ಪು ತಿದ್ದಿದ ಉಪಸಂಪಾದಕರು, ಪುಟ ಕಟ್ಟಿದವರು ಹೆಸರಿಲ್ಲದೆ ಉಳಿಯುತ್ತಾರೆ. ವರದಿ ಮಾರನೆಯ ದಿನಕ್ಕೆ ಹಳತಾಗುತ್ತದೆ, ಕಟ್ಟಡ ಹಾಗಲ್ಲ. ಆದ್ದರಿಂದ ಅಲ್ಲಿ ಹೆಸರಿನ ಲೆಕ್ಕ ಹೆಚ್ಚು ಗಂಭೀರವಾದುದು.

ನಮ್ಮ ನಾಡಿನಲ್ಲಿ ಈ ಲೆಕ್ಕಕ್ಕೆ ದೀರ್ಘ ಇತಿಹಾಸವಿದೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಅವುಗಳನ್ನು ಕಡೆದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಪ್ರಸಿದ್ಧರು. ಮುಂದಿನ ಶತಮಾನದಲ್ಲಿ ನುಗ್ಗೇಹಳ್ಳಿ, ಸೋಮನಾಥಪುರ ಮೊದಲಾದ ಕಡೆ ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಆದರೆ ಜನರ ಬಾಯಲ್ಲಿ ಉಳಿದ ಹೆಸರು ಯಾವುದು? ಜಕಣಾಚಾರಿ. ಕಲ್ಲು ಹತ್ತಾರು ಹೆಸರು ಹೇಳುತ್ತದೆ, ಐತಿಹ್ಯ ಒಂದೇ ಹೆಸರು ಹೇಳುತ್ತದೆ. ಹಲವರ ದುಡಿಮೆ ಒಬ್ಬರ ಖಾತೆಗೆ ಜಮೆಯಾಗುವ ಈ ಪ್ರವೃತ್ತಿಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ವಿಜ್ಞಾನಿಗಳ ನಡುವೆಯೂ ಗುರುತಿಸಿದರು. ಹೆಸರಿದ್ದವರಿಗೇ ಮತ್ತಷ್ಟು ಹೆಸರು ಸೇರುತ್ತದೆ ಎಂಬುದು ಅವರ ಮಾತಿನ ಸಾರ.

ಈಗ ನಿಮಗೆಲ್ಲ ಪರಿಚಿತವಾದ ಆರ್‌ಸಿಸಿಯನ್ನೇ ತೆಗೆದುಕೊಳ್ಳೋಣ. ಕಾಂಕ್ರೀಟಿನೊಳಗೆ ಕಬ್ಬಿಣ ಇಡುವ ಈ ವಿಧಾನವನ್ನು ಕಂಡುಹಿಡಿದವರು ಯಾರು? ಅನೇಕ ಪುಸ್ತಕಗಳು ಪ್ಯಾರಿಸ್ಸಿನ ತೋಟಗಾರ ಜೋಸೆಫ್ ಮೋನಿಯೇ ಎನ್ನುತ್ತವೆ. ಕಬ್ಬಿಣದ ಜಾಲರಿಗೆ ಸಿಮೆಂಟು ಮೆತ್ತಿ ಗಿಡದ ತೊಟ್ಟಿ ಮಾಡುವ ವಿಧಾನಕ್ಕೆ ಅವನು 1867ರಲ್ಲಿ ಪೇಟೆಂಟ್ ಪಡೆದ. ಆದರೆ ಅದಕ್ಕೂ ಮೊದಲು, 1854ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗಾರೆ ಕೆಲಸದ ವಿಲ್ಕಿನ್ಸನ್ ಎಂಬಾತ ಕಬ್ಬಿಣ ಸೇರಿಸಿದ ಕಾಂಕ್ರೀಟು ನೆಲಕ್ಕೆ ಪೇಟೆಂಟ್ ಪಡೆದಿದ್ದ. ಅವನಿಗಿಂತಲೂ ಮೊದಲು ಫ್ರಾನ್ಸಿನ ಲಾಂಬೋ ಇದೇ ರೀತಿಯಲ್ಲಿ ದೋಣಿ ಮಾಡಿದ್ದ. ಆ ದೋಣಿ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರ ಮುಂದೆ ಬಂತು.

ಇವರು ಮೂವರೂ ಕೈಯಿಂದ ಮಾಡಿ ತೋರಿಸಿದವರು. ಲೆಕ್ಕ ಹಾಕಿದವರು ಬೇರೆ. ಅಮೆರಿಕದ ಥ್ಯಾಡಿಯಸ್ ಹಯಾಟ್ ಲಂಡನ್ನಿನಲ್ಲಿ ತೊಲೆಗಳನ್ನು ಪರೀಕ್ಷೆಗೆ ಒಳಪಡಿಸಿ, ಫಲಿತಾಂಶವನ್ನು 1877ರಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿದ. ಜರ್ಮನಿಯ ಎಂಜಿನಿಯರ್ ಮಥಿಯಾಸ್ ಕೋನೆನ್ 1886ರಲ್ಲಿ ಲೆಕ್ಕಾಚಾರದ ಕ್ರಮವನ್ನು ಪ್ರಕಟಿಸಿದ. ತೊಲೆಯ ಮೇಲೆ ಭಾರ ಬಿದ್ದಾಗ ಮೇಲ್ಭಾಗ ಒತ್ತುತ್ತದೆ, ಕೆಳಭಾಗ ಹಿಗ್ಗುತ್ತದೆ. ಒತ್ತಡವನ್ನು ಕಾಂಕ್ರೀಟು ತಾಳುತ್ತದೆ, ಎಳೆತವನ್ನು ತಾಳಲಾರದು. ಆದ್ದರಿಂದ ಕಬ್ಬಿಣ ಇರಬೇಕಾದುದು ಹಿಗ್ಗುವ ಕಡೆ. ಸಜ್ಜಾದಲ್ಲಿ ಸರಳು ಮೇಲ್ಭಾಗಕ್ಕೆ ಹೋಗುವುದು ಏಕೆಂದು ನಿಮ್ಮ ಊರಿನ ಮೇಸ್ತ್ರಿಗೆ ಗೊತ್ತಿದ್ದರೆ ಅದರ ಹಿಂದೆ ಈ ತತ್ವವಿದೆ. ಇನ್ನು, 1892ರಲ್ಲಿ ಕಂಬ, ತೊಲೆ, ಚಾವಣಿಗಳನ್ನು ಒಂದೇ ಅಂಗವಾಗಿ ಬೆಸೆಯುವ ಪದ್ಧತಿಗೆ ಪೇಟೆಂಟ್ ಪಡೆದ ಫ್ರಾನ್ಸಿನ ಎನ್ನೆಬಿಕ್, ಪರವಾನಗಿ ಪಡೆದ ಗುತ್ತಿಗೆದಾರರ ಜಾಲವನ್ನೇ ಕಟ್ಟಿ ಅದನ್ನು ದೇಶದೇಶಗಳಿಗೆ ಹಬ್ಬಿಸಿದ.

ಇವರಲ್ಲಿ ಕರ್ತೃ ಯಾರು? ಮೊದಲು ಮಾಡಿದವರು ಎಂದರೆ ಲಾಂಬೋ. ಕಟ್ಟಡಕ್ಕೆ ಮೊದಲ ಪೇಟೆಂಟ್ ಎಂದರೆ ವಿಲ್ಕಿನ್ಸನ್. ಪರೀಕ್ಷೆ ಎಂದರೆ ಹಯಾಟ್, ಪ್ರಬಂಧ ಎಂದರೆ ಕೋನೆನ್, ಬಳಕೆಗೆ ತಂದವರು ಎಂದರೆ ಎನ್ನೆಬಿಕ್. ಅಳತೆಗೋಲು ಬದಲಾದಂತೆ ಕರ್ತೃವೂ ಬದಲಾಗುತ್ತಾನೆ. ಜರ್ಮನಿಯಲ್ಲಿ ಮೋನಿಯೇ ಹೆಸರು ಕಬ್ಬಿಣದ ಸರಳಿಗೇ ಅಂಟಿಕೊಂಡಿತು. ಆದರೆ ಆ ತೋಟಗಾರ 1906ರಲ್ಲಿ ತೀರಿಕೊಂಡದ್ದು ಬಡತನದಲ್ಲಿ. ಇಂದಿನ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಅವನ ಅಂಕ ಸೊನ್ನೆ. ಅವನು ಸಂಶೋಧನಾ ಪತ್ರಿಕೆಗೆ ಲೇಖನ ಬರೆದವನಲ್ಲ.

ಆ ಇಂದಿನ ಲೆಕ್ಕವಾದರೂ ಏನು? 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಎಚ್-ಸೂಚ್ಯಂಕ ಎಲ್ಲೆಡೆ ಪ್ರಚಾರದಲ್ಲಿದೆ. ಒಬ್ಬರ ಹತ್ತು ಪ್ರಬಂಧಗಳನ್ನು ತಲಾ ಹತ್ತು ಬಾರಿಯಾದರೂ ಬೇರೆಯವರು ಉಲ್ಲೇಖಿಸಿದ್ದರೆ, ಹನ್ನೊಂದನೆಯದು ಆ ಮಟ್ಟ ಮುಟ್ಟದಿದ್ದರೆ, ಅವರ ಸೂಚ್ಯಂಕ ಹತ್ತು. ಪ್ರಬಂಧದಲ್ಲಿ ಒಬ್ಬರ ಹೆಸರಿದೆಯೋ ಐವತ್ತು ಜನರದ್ದಿದೆಯೋ ಎಂಬುದನ್ನು ಈ ಸೂಚ್ಯಂಕ ಕೇಳುವುದಿಲ್ಲ. 2015ರಲ್ಲಿ ಹಿಗ್ಸ್ ಬೋಸಾನ್ ಕಣದ ರಾಶಿಯನ್ನು ಅಳೆದ ಪ್ರಬಂಧವೊಂದರಲ್ಲಿ 5,154 ಲೇಖಕರಿದ್ದರು. 33 ಪುಟಗಳಲ್ಲಿ 24 ಪುಟ ಹೆಸರುಗಳಿಗೇ ಮೀಸಲಾಗಿತ್ತು. ಇಂಥ ಪ್ರಬಂಧಕ್ಕೆ ಬರುವ ಒಂದು ಉಲ್ಲೇಖ, ಈ ಲೆಕ್ಕದಲ್ಲಿ, ಅಷ್ಟೂ ಜನರ ಖಾತೆಗೆ ಪೂರ್ತಿಯಾಗಿ ಬೀಳುತ್ತದೆ.

ನಮ್ಮ ಯುಜಿಸಿಯೂ ಪಾಲು ಹಂಚಲು ಪ್ರಯತ್ನಿಸಿದೆ. 2010ರ ನಿಯಮದಂತೆ ಮುಖ್ಯ ಲೇಖಕರು ಹಾಗೂ ಮಾರ್ಗದರ್ಶಕರಿಗೆ ಒಟ್ಟು ಅಂಕದ ಶೇ 60, ಉಳಿದವರೆಲ್ಲರಿಗೆ ಸೇರಿ ಶೇ 40. ಕೂಡಿದರೆ ನೂರು. 2018ರ ನಿಯಮದಲ್ಲಿ ಲೆಕ್ಕ ಬದಲಾಯಿತು. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಐವರು ಲೇಖಕರಿದ್ದರೆ ಒಟ್ಟು ಎಷ್ಟಾಯಿತು? 190. ಆರನೆಯವರನ್ನು ಸೇರಿಸಿದರೆ 220. ಹಳೆಯ ನಿಯಮದಲ್ಲಿ ಒಂದು ಹೆಸರು ಹೆಚ್ಚಾದರೆ ಉಳಿದ ಸಹಲೇಖಕರ ಪಾಲು ಕಡಿಮೆಯಾಗುತ್ತಿತ್ತು. ಹೊಸ ನಿಯಮದಲ್ಲಿ ಯಾರಿಗೂ ನಷ್ಟವಿಲ್ಲ. ಕೆಲಸ ಮಾಡದವರ ಹೆಸರನ್ನು ಮುಲಾಜಿಗೆ ಸೇರಿಸುವುದನ್ನು ತಡೆಯುವ ಕಾರಣವೇ ಇಲ್ಲವಾಯಿತು. ಮದುವೆ ಆಮಂತ್ರಣದಲ್ಲಿ 'ಸುಖಾಗಮನ ಬಯಸುವವರು' ಎಂದು ಬಂಧುಗಳ ಹೆಸರು ಹಾಕುವಂತೆ ಪ್ರಬಂಧದಲ್ಲೂ ಹೆಸರು ಹಾಕಬಹುದು!

ಇದರ ಬಿಸಿ ತಟ್ಟುವುದು ನಿಮ್ಮಂಥ ಕಿರಿಯರಿಗೆ. ಹೆಸರು ಸೇರಿಸಿ ಎಂದು ಹಿರಿಯರು ಕೇಳಿದಾಗ ಬೇಡ ಎನ್ನುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ಇನ್ನೊಂದು ಕಡೆ, ನಿಜವಾಗಿ ಕೆಲಸ ಮಾಡಿದವರೇ ಹೊರಗುಳಿಯುತ್ತಾರೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವಿತ್ತು. ಅಲ್ಲಿನ ಸಂಶೋಧನೆಯಿಂದ ಬೆಳೆದುಬಂದ ವಸ್ತುಗಳಲ್ಲಿ ಒಂದು, ಸಿಮೆಂಟು ಬೆರೆಸಿದ ಮಣ್ಣಿನ ಇಟ್ಟಿಗೆ. ಮಣ್ಣಿಗೆ ಅಗತ್ಯವಿದ್ದಷ್ಟು ಮರಳು, ಸ್ವಲ್ಪ ಸಿಮೆಂಟು ಸೇರಿಸಿ, ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರು ಹೊಡೆದರೆ ಇಟ್ಟಿಗೆ ಸಿದ್ಧ. ಗೂಡಿನಲ್ಲಿ ಸುಡಬೇಕಾಗಿಲ್ಲ, ಸೌದೆ ಬೇಡ. ಈ ಕೆಲಸದಲ್ಲಿ ದಶಕಗಟ್ಟಲೆ ತೊಡಗಿದ್ದ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಕಾಲು ಭಾಗ ಮಾತ್ರ ಇದಕ್ಕೆ ಸಾಕು. ಜಗತ್ತಿನ ನಾನಾ ಕಡೆಯ ಸಂಶೋಧಕರು ಇಂದಿಗೂ ಉಲ್ಲೇಖಿಸುವ ಪ್ರಬಂಧವದು.

ಗಮನಿಸಬೇಕಾದುದು ಕಾಲದ ಅಂತರವನ್ನು. ಎಪ್ಪತ್ತರ ದಶಕದಲ್ಲಿ ಕಾಲಿಟ್ಟ ಸಂಶೋಧನೆಯ ಹಾದಿಯಲ್ಲಿ ಈ ಪ್ರಬಂಧ ಬಂದದ್ದು 2003ರಲ್ಲಿ. ಗೋಡೆ ಮಳೆ ಬಿಸಿಲು ತಿನ್ನಬೇಕು, ಮೇಸ್ತ್ರಿಗಳು ಕಲಿಯಬೇಕು, ಅದರೊಳಗೆ ಜನ ಬಾಳಬೇಕು. ವರ್ಷಕ್ಕೆ ಎಷ್ಟು ಪ್ರಬಂಧ ಎಂದು ಎಣಿಸುವ ಪದ್ಧತಿಗೆ ಇಷ್ಟು ತಾಳ್ಮೆ ಇಲ್ಲ. ಪ್ರಯೋಗಾಲಯದಲ್ಲಿ 28 ದಿನಕ್ಕೆ ಘನವನ್ನು ಒಡೆದು ನೋಡಿ ಲೇಖನ ಬರೆಯಬಹುದು. ಇಪ್ಪತ್ತು ಮಳೆಗಾಲದ ನಂತರ ಗೋಡೆ ಹೇಗಿದೆ ಎಂದು ನೋಡಿ ಬರೆಯಲು ಬಡ್ತಿಯ ವೇಳಾಪಟ್ಟಿ ಬಿಡುವುದಿಲ್ಲ.

ಮತ್ತೊಂದು ಸಂಗತಿ. ಈ ಇಟ್ಟಿಗೆಯಲ್ಲಿ ಮಣ್ಣಿನ ಹದ ಮುಖ್ಯ. ಮುಷ್ಟಿಯಲ್ಲಿ ಉಂಡೆ ಕಟ್ಟಿ ಕೆಳಕ್ಕೆ ಬಿಟ್ಟು, ಅದು ಹೇಗೆ ಒಡೆಯುತ್ತದೆ ಎಂಬುದರಿಂದ ನೀರು ಹೆಚ್ಚೋ ಕಡಿಮೆಯೋ ಎಂದು ತಿಳಿಯುವ ಕೆಲಸಗಾರರ ಕೈಯಲ್ಲಿ ಇಟ್ಟಿಗೆಯ ಗುಣ ಅಡಗಿದೆ. ಆ ಕೈಗೆ ಪ್ರಬಂಧದಲ್ಲಿ ಜಾಗ ಎಲ್ಲಿ? ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ ನಾಲ್ಕು ಷರತ್ತು ಹಾಕಿದೆ: ಕೆಲಸದಲ್ಲಿ ಮಹತ್ವದ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ರೂಪಕ್ಕೆ ಒಪ್ಪಿಗೆ, ಮತ್ತು ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಪೂರೈಸಬೇಕು. ಬರವಣಿಗೆಯಲ್ಲಿ ಪಾಲಿಲ್ಲದವರು ಕೃತಜ್ಞತೆಯ ಸಾಲಿಗೆ ಸೇರುತ್ತಾರೆ. ಆ ಸಾಲಿಗೆ ಅಂಕವಿಲ್ಲ.

2014ರಲ್ಲಿ ರೂಪುಗೊಂಡ 'ಕ್ರೆಡಿಟ್' ಎಂಬ ಪಟ್ಟಿ ಇದಕ್ಕೆ ಅರ್ಧ ಪರಿಹಾರ ಸೂಚಿಸಿತು. ಕಲ್ಪನೆ ಯಾರದು, ಪ್ರಯೋಗ ಯಾರದು, ಹಣ ತಂದವರು ಯಾರು, ಮೊದಲ ಕರಡು ಯಾರದು, ತಿದ್ದಿದವರು ಯಾರು ಎಂದು 14 ಬಗೆಯ ಪಾತ್ರಗಳನ್ನು ಅದು ಬೇರ್ಪಡಿಸುತ್ತದೆ. ಸಿನಿಮಾದ ಕೊನೆಯಲ್ಲಿ ಬರುವ ಹೆಸರುಗಳ ಸಾಲಿನಂತೆ. ಇದು ಅಂಕಗಣಿತಕ್ಕಿಂತ ಪ್ರಾಮಾಣಿಕ. ಆದರೆ ಅದೂ ಪ್ರಬಂಧದ ಪುಟದೊಳಗಿನ ವ್ಯವಸ್ಥೆ. ನಿರ್ಮಾಣ ಸ್ಥಳದವರೆಗೆ ಅದು ಬರಬೇಕಾದರೆ ನೀವೇ ತರಬೇಕು.

ಅಂಕೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನೂರಾರು ಅರ್ಜಿಗಳ ಮುಂದೆ ಕೂತ ಆಯ್ಕೆ ಸಮಿತಿಗೆ ಏನಾದರೊಂದು ಅಳತೆ ಬೇಕು. ಅಂಕೆ ಇಲ್ಲದ ಕಡೆ ಜಾತಿ, ವಶೀಲಿ ನುಸುಳುತ್ತವೆ ಎಂಬ ಭಯವೂ ಸುಳ್ಳಲ್ಲ. ಆದರೆ ಅಂಕೆಯ ಜೊತೆಗೆ ಎರಡು ಪ್ರಶ್ನೆ ಸೇರಲಿ: ಈ ಕೆಲಸದಲ್ಲಿ ನೀವು ಮಾಡಿದ್ದು ಯಾವ ಭಾಗ? ಅದು ಈಗ ಎಲ್ಲಿ ನಿಂತಿದೆ?

ನೀವಂತೂ ಇವತ್ತಿನಿಂದಲೇ ಆರಂಭಿಸಬಹುದು. ಪ್ರಾಜೆಕ್ಟ್ ಶುರುವಾಗುವ ದಿನವೇ ಯಾರ ಕೆಲಸ ಏನೆಂದು ಬರೆದಿಟ್ಟುಕೊಳ್ಳಿ. ಪ್ರಾಯೋಗಿಕ ಗೋಡೆ ಕಟ್ಟಿದರೆ ಮಣ್ಣು ಎಲ್ಲಿಯದು, ಸಿಮೆಂಟು ಎಷ್ಟು, ನೀರು ಹೊಡೆದದ್ದು ಎಷ್ಟು ದಿನ, ಕಟ್ಟಿದ ಮೇಸ್ತ್ರಿ ಯಾರು ಎಂಬುದನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿ.

ಏಕೆಂದರೆ ಹೆಸರು ಬರೀ ಕೀರ್ತಿಗಲ್ಲ. ಸಂಪಾದಕರ ನಾಲ್ಕನೆಯ ಷರತ್ತು ಹೊಣೆ ಎಂಬುದನ್ನು ಮರೆಯಬೇಡಿ. ಶ್ರೇಯಸ್ಸು ಹಂಚುವಾಗ ಐವರ ಪಾಲು ಕೂಡಿ 190 ಆಗಬಹುದು. ತಾರಸಿ ಸೋರತೊಡಗಿದಾಗ ಅದರಲ್ಲಿ ಎಷ್ಟು ಉಳಿಯುತ್ತದೆ? ಹತ್ತು ವರ್ಷದ ನಂತರ ಗೋಡೆ ಬಿರುಕು ಬಿಟ್ಟರೆ ಮನೆಯ ಯಜಮಾನಿಗೆ ಬೇಕಾಗುವುದು ನಿಮ್ಮ ಸೂಚ್ಯಂಕವಲ್ಲ. ಯಾರನ್ನು ಕರೆದು ಕೇಳಬೇಕು ಎಂಬುದು ಆಕೆಗೆ ಗೊತ್ತಾಗಬೇಕು.