ಎಣಿಸುವುದರಲ್ಲೇ ಅರ್ಧ ದಿನ

ಶಾಲೆಯ ಪ್ರವಾಸವೆಂದರೆ ಮಕ್ಕಳಿಗೆ ಹಿಂದಿನ ರಾತ್ರಿ ನಿದ್ದೆಯೇ ಬರುವುದಿಲ್ಲ. ಜಪಾನಿನ ಕ್ಯೋಟೋ ನಗರಕ್ಕೆ ಬರುವ ಎಷ್ಟೋ ಶಾಲೆಗಳ ಮಕ್ಕಳು ಸಣ್ಣ ಗುಂಪು ಕಟ್ಟಿಕೊಂಡು ತಾವೇ ಸುತ್ತುತ್ತಾರೆ. ದಾರಿ, ಬಸ್ಸು, ಊಟ ಎಲ್ಲ ಅವರದೇ ಲೆಕ್ಕ. ನಮ್ಮಲ್ಲಿ ಸಾಲಾಗಿ ನಿಲ್ಲಿಸಿ ತಲೆ ಎಣಿಸುವುದರಲ್ಲೇ ಅರ್ಧ ದಿನ!

ನಮ್ಮೂರು ಹೊಸರಿತ್ತಿಯಿಂದ ಪ್ರವಾಸ ಹೊರಟರೆ ಹಾವೇರಿಯಲ್ಲಿ ಪಡುವಣಕ್ಕೆ ಮುಖ ಮಾಡಿದ ಸಿದ್ಧೇಶ್ವರ ಗುಡಿ. ಮುಂದೆ ಬ್ಯಾಡಗಿ. ಮೆಣಸಿನಕಾಯಿ ಮಾರುಕಟ್ಟೆಯ ಗೇಟು ದಾಟುವ ಮೊದಲೇ ಸೀನು ಶುರು. ಆ ಸುಕ್ಕುಗಟ್ಟಿದ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಯಾಕೆ? ಮೂಗಿಗೆ ಕರವಸ್ತ್ರ ಹಿಡಿದೇ ಮಕ್ಕಳು ಹಮಾಲರನ್ನು ಕೇಳಲಿ, ಮಾಸ್ತರರು ಸುಮ್ಮನಿರಲಿ.

ಬಸ್ಸು ಹತ್ತುವ ಮುನ್ನ ಸ್ವಂತ ಊರನ್ನೂ ತೋರಿಸಿ. 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು ಗುಂಡೇಟಿಗೆ ಬಿದ್ದದ್ದು ಹೊಸರಿತ್ತಿಯಲ್ಲೇ.